ಹಿಮದ ನಾಡಿನ ಕ್ಯಾಪ್ಟನ್ನಿಗೊಂದು ಕೌದಿಯ ಕೋಟು

ಪರದೆಯ ಮೇಲೆ ಹಿಮ ಬಿದ್ದರೆ ಸಾಕು, ಕಥೆ ಯಾವುದೇ ಇರಲಿ, ನಾನು ಮೊದಲು ನೋಡುವುದು ಅಲ್ಲಿರುವ ಹೆಂಗಸಿನ ಮೈಮೇಲೆ ಬೆಚ್ಚನೆಯ ಬಟ್ಟೆ ಇದೆಯೋ ಇಲ್ಲವೋ ಎಂದು. ನಾಯಕ ಉಣ್ಣೆಯ ಕೋಟು, ಮಫ್ಲರು, ಕೈಗವಸು ಎಲ್ಲ ಹಾಕಿಕೊಂಡು ಕುಣಿಯುತ್ತಿರುತ್ತಾನೆ. ಪಕ್ಕದಲ್ಲಿ ನಾಯಕಿ ಗಾಳಿಗೆ ಹಾರುವ ತೆಳು ಸೀರೆಯಲ್ಲಿ ನಗುತ್ತಿರುತ್ತಾಳೆ. "ಇಕಿಗೆ ನಾಳೆ ನ್ಯುಮೋನಿಯಾ ಗ್ಯಾರಂಟಿ" ಎಂದು ನನ್ನ ಬಾಯಿಂದ ಬಂದೇ ಬರುತ್ತದೆ. "ನಿನ್ನ ಜೋಡಿ ಸಿನಿಮಾ ನೋಡೂದಂದ್ರ ದವಾಖಾನ್ಯಾಗ ಕುಂತಂಗ ಆಗ್ತತಿ" ಎಂದು ನನ್ನ ಗಂಡ ಗೊಣಗುತ್ತಾರೆ. ಅವರ ತಪ್ಪಲ್ಲ. ಈ ಚಟ ನನಗೆ ಹತ್ತಿದ್ದು ಇಳಕಲ್ಲಿನಲ್ಲಿ, ನಮ್ಮ ಆಯಿಯ ಪಕ್ಕ ಕುಳಿತು ಜಪಾನಿನ ಕಾರ್ಟೂನು ನೋಡುವಾಗ. ಅವರಿಗೆ ಆಯಿ ನೋಡಲು ಸಿಗಲಿಲ್ಲ. ನಿಮಗಾದರೂ ಹೇಳುತ್ತೇನೆ.

ಆಯಿ ಎಂದರೆ ನಮ್ಮಪ್ಪನ ತಾಯಿ. ನಮ್ಮದು ನೇಕಾರರ ಮನೆ. ಬಾಗಿಲು ದಾಟಿದ ಕೂಡಲೇ ಕುಣಿಮಗ್ಗ. ಅಪ್ಪ ಕುಣಿಯೊಳಗೆ ಕಾಲಿಳಿಸಿ ಕುಳಿತರೆ ಮನೆಯ ಗೋಡೆಗಳೆಲ್ಲ ತಾಳ ಹಾಕುತ್ತಿದ್ದವು. ಅವ್ವ ಅಲ್ಲೇ ಮೂಲೆಯಲ್ಲಿ ರಾಟಿಯ ಮುಂದೆ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗದ ಆಚೆಗಿನ ನಡುಮನೆಯಲ್ಲಿ ಟೀವಿ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮ ಓಣಿಗೆ ಕೇಬಲ್ ಬಂತು. ಕೇಬಲ್ಲಿನವನು ವೈರನ್ನು ಬೇವಿನ ಗಿಡಕ್ಕೆ ಸುತ್ತಿ, ಪಕ್ಕದ ಮನೆಯ ಮಾಳಿಗೆಯ ಮೇಲೆ ಹಾಯಿಸಿ, ನಮ್ಮ ಕಿಟಕಿಯಿಂದ ಒಳಗೆ ಬಿಟ್ಟ. ಮಂಗ ಆ ವೈರಿಗೆ ಜೋತುಬಿದ್ದ ದಿನ ಪರದೆಯ ಮೇಲೆ ಎಲ್ಲರಿಗೂ ಎರಡೆರಡು ತಲೆ ಬರುತ್ತಿದ್ದವು.

ಶಾಲೆ ಬಿಟ್ಟು ಬಂದು, ರೊಟ್ಟಿಗೆ ಶೇಂಗಾ ಚಟ್ನಿ, ಎಣ್ಣೆ ಹಚ್ಚಿ ಸುರುಳಿ ಮಾಡಿ ಹಿಡಿದು ಕುಳಿತರೆ ಆ ಕಾರ್ಟೂನು ಶುರುವಾಗುತ್ತಿತ್ತು. ಅದಕ್ಕೆ ಅನಿಮೆ ಎನ್ನುತ್ತಾರೆಂದು ನನಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ದೊಡ್ಡ ದೊಡ್ಡ ಕಣ್ಣಿನ ಜನ, ಹಿಂದಿಯಲ್ಲಿ ಮಾತಾಡುತ್ತಾರೆ, ತುಟಿ ನಿಂತ ಮೇಲೂ ಮಾತು ಕೇಳಿಸುತ್ತಿರುತ್ತದೆ.

ಕಥೆ ಹಿಮದ ನಾಡಿನದು. ಬೆಟ್ಟಗಳ ನಡುವೆ ಒಂದು ಕಣಿವೆ, ಆ ಕಣಿವೆಯ ಬಾಗಿಲು ಕಾಯುವ ಒಂದು ಪಡೆ. ಪಡೆಯ ಕ್ಯಾಪ್ಟನ್ ಒಬ್ಬಳು ಹೆಂಗಸು. ನಮ್ಮವ್ವನಷ್ಟೇ ವಯಸ್ಸಿರಬೇಕು. ಮೈತುಂಬ ಕೂದಲಿದ್ದ, ಕೋಡು ಬಾಗಿದ ಒಂದು ಭಾರಿ ಪ್ರಾಣಿಯ ಮೇಲೆ ಕುಳಿತು ಬರುತ್ತಿದ್ದಳು. ಆಯಿಯ ಲೆಕ್ಕದಲ್ಲಿ ಅದು ಎಮ್ಮೆ. ಹಾಗಾಗಿ ಕ್ಯಾಪ್ಟನ್ನಿಗೆ ನಮ್ಮ ಮನೆಯಲ್ಲಿ 'ಎಮ್ಮಿ ಬಾಯಿ', ಅಂದರೆ ಎಮ್ಮೆಯಮ್ಮ, ಎಂದೇ ಹೆಸರು. ಬೇರೆ ಚಾನೆಲ್ಲುಗಳಲ್ಲಿ ಹೆಂಗಸರು ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಎಮ್ಮಿ ಬಾಯಿ ನೆಲದ ಮೇಲೆ ನಕಾಶೆ ಹಾಸಿಕೊಂಡು ಯಾರು ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುತ್ತಿದ್ದಳು. ಗಡ್ಡದ ಗಂಡಸರು ಸುತ್ತ ನಿಂತು ಕೇಳುತ್ತಿದ್ದರು. ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ಹೆಂಗಸು ಮಾತಾಡುವಾಗ ಗಂಡಸರು ನಡುವೆ ಬಾಯಿ ಹಾಕದೆ ನಿಂತದ್ದನ್ನು ನಾನು ಮೊಟ್ಟಮೊದಲು ನೋಡಿದ್ದು ಅಲ್ಲೇ.

ಆಯಿಗೆ ಹಿಂದಿ ಬರುತ್ತಿರಲಿಲ್ಲ. ನನಗೂ ಅರ್ಧಂಬರ್ಧ. ಆದರೂ ನಾನೇ ಆಯಿಗೆ ದುಭಾಷಿ. ತಿಳಿಯದ ಕಡೆ ನನಗೆ ತೋಚಿದ್ದನ್ನು ಸೇರಿಸುತ್ತಿದ್ದೆ. ಶತ್ರುಗಳ ರಾಜ ಐದು ನಿಮಿಷ ಗುಡುಗಿದ್ದನ್ನು ನಾನು, "ಆಯಿ, ಅಂವ ಹೊಲಾ ಬರಕೊಡು ಅನ್ನಾಕತ್ತಾನ" ಎಂದು ಮುಗಿಸುತ್ತಿದ್ದೆ. "ಕೊಡಬ್ಯಾಡ ಅನ್ನು!" ಎಂದು ಆಯಿ ಟೀವಿಯ ಕಡೆ ಕೈ ಮಾಡುತ್ತಿದ್ದಳು. ಎಮ್ಮಿ ಬಾಯಿಯೂ ಕೊಡುತ್ತಿರಲಿಲ್ಲ. ನಮ್ಮಿಬ್ಬರಿಗೂ ಭಾರಿ ಸಮಾಧಾನ.

ಈಗ ತೊಡಕಿನ ಮಾತಿಗೆ ಬರುತ್ತೇನೆ. ಆ ಕ್ಯಾಪ್ಟನ್ನಿಗೆ ಚಿತ್ರ ಬರೆದವರು ಬುದ್ಧಿ ಕೊಟ್ಟಿದ್ದರು, ಧೈರ್ಯ ಕೊಟ್ಟಿದ್ದರು, ಸೊಂಟದಲ್ಲಿ ಕತ್ತಿ ಕೊಟ್ಟಿದ್ದರು. ಬಟ್ಟೆ ಕೊಡುವ ಹೊತ್ತಿಗೆ ಅವರ ಕೈ ಗಿಡ್ಡವಾಗಿತ್ತು. ಪಡೆಯ ಗಂಡಸರೆಲ್ಲ ಮೂಗಿನ ತುದಿಯಷ್ಟೇ ಕಾಣುವಂತೆ ತುಪ್ಪಳದ ಕೋಟಿನೊಳಗೆ ಹುದುಗಿರುತ್ತಿದ್ದರೆ, ಅವಳ ಮೈಮೇಲೆ ಇದ್ದದ್ದು ಚರ್ಮದ ಎರಡು ತುಂಡು ಮತ್ತು ಅವನ್ನು ಹಿಡಿದಿಟ್ಟ ಕೆಲವು ಬಕಲ್ಲು. ಅವಳು ಗಂಭೀರವಾಗಿ ಯುದ್ಧದ ಮಾತಾಡುತ್ತಿದ್ದಾಗ ಚಿತ್ರ ಅವಳ ಮುಖ ಬಿಟ್ಟು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಯಾರೋ ಅಪರಿಚಿತ ನನ್ನ ಪಕ್ಕ ಬಂದು ಕುಳಿತು, ನನ್ನ ಕಣ್ಣನ್ನು ತನ್ನ ಬೆರಳಿನಿಂದ ತಿರುಗಿಸಿದ ಹಾಗೆ ಅನ್ನಿಸುತ್ತಿತ್ತು. ಅದೇ ವರ್ಷ ನನಗೆ ದುಪಟ್ಟಾ ಬಂದಿತ್ತು. "ಸರಿಯಾಗಿ ಹೊತ್ಕೊ" ಎಂದು ದಿನಕ್ಕೆ ಹತ್ತು ಸಲ ಅನ್ನಿಸಿಕೊಳ್ಳುತ್ತಿದ್ದೆ. ಒಬ್ಬರು ನನ್ನನ್ನು ಮುಚ್ಚುತ್ತಿದ್ದರು, ಇನ್ನೊಬ್ಬರು ಅವಳನ್ನು ಬಿಚ್ಚುತ್ತಿದ್ದರು. ನಮ್ಮಿಬ್ಬರನ್ನೂ ಯಾರೂ ಕೇಳಿರಲಿಲ್ಲ.

ಆಯಿಗೆ ಮಾತ್ರ ನಾಚಿಕೆಯ ಪ್ರಶ್ನೆಯೇ ಬರಲಿಲ್ಲ. ಅವಳಿಗೆ ಬಂದದ್ದು ಕಾಳಜಿ.

"ಯವ್ವಾ, ಇಕಿಗೆ ಥಂಡಿ ಹತ್ತೂದಿಲ್ಲೇನ?"

"ಗೊತ್ತಿಲ್ಲ ಆಯಿ."

"ಆ ಗಡ್ಡದಾಂವ ಎರಡು ಕೋಟು ಹಾಕ್ಕೊಂಡಾನ ನೋಡು. ಒಂದು ಇಕಿಗೆ ಕೊಟ್ರ ಏನ ಕಳಕೊಂತಾನ?"

ಅಪ್ಪ ನೀರು ಕುಡಿಯಲು ಒಳಗೆ ಬರುವುದು ನನಗೆ ಮೊದಲೇ ತಿಳಿಯುತ್ತಿತ್ತು. ಮಗ್ಗದ ಸದ್ದು ನಿಂತರೆ ಅಪ್ಪ ಎದ್ದರು ಎಂದರ್ಥ. ಆ ಕ್ಷಣ ನಾನು ರಿಮೋಟು ಒತ್ತಿ ಸುದ್ದಿಯ ಚಾನೆಲ್ಲಿಗೆ ಹಾರುತ್ತಿದ್ದೆ. ಅಪ್ಪ ಬಂದಾಗಲೆಲ್ಲ ಮಗಳು ಸುದ್ದಿ ನೋಡುತ್ತಿರುವುದೇ ಕಾಣುತ್ತಿತ್ತು. "ನಮ್ಮ ಸುಜಾತಾ ದಿನಾ ಸುದ್ದಿ ನೋಡ್ತಾಳ್ರಿ, ಮುಂದ ದೊಡ್ಡ ಆಫೀಸರ್ ಆಗಾಕಿ" ಎಂದು ಸೀರೆ ವ್ಯಾಪಾರಕ್ಕೆ ಬಂದವರ ಮುಂದೆಲ್ಲ ಹೇಳತೊಡಗಿದರು. ಹುನಗುಂದದಿಂದ ಬಂದ ವ್ಯಾಪಾರಿಯೊಬ್ಬರು ಚಹಾ ಬಸಿಯಲ್ಲಿ ಹಾಕಿಕೊಂಡು, "ಏನವಾ, ಈ ಸಲ ಬಜೆಟ್ ಹೆಂಗ ಐತಿ?" ಎಂದು ಕೇಳಿಯೇಬಿಟ್ಟರು. "ಛಲೋ ಐತ್ರಿ" ಎಂದೆ. ಅಪ್ಪ ಹೆಮ್ಮೆಯಿಂದ ಸುತ್ತ ನೋಡಿದರು. ದೇಶದ ಹಣಕಾಸಿನ ಬಗ್ಗೆ ನಾನು ಇದುವರೆಗೆ ಕೊಟ್ಟಿರುವ ಏಕೈಕ ಅಭಿಪ್ರಾಯ ಅದು.

ಮುಂದೆ ಡಿಗ್ರಿಗೆ ಬಾಗಲಕೋಟೆಗೆ ಬಂದೆ. ವಿದ್ಯಾಗಿರಿಯಲ್ಲಿ ಕಾಲೇಜು, ಅಲ್ಲೇ ಹಾಸ್ಟೆಲ್ಲು. ನನ್ನ ರೂಮಿನ ಜೊತೆಗಾತಿ ಶೈಲಾ, ಕುಳಗೇರಿ ಕ್ರಾಸಿನವಳು. ಅವಳಪ್ಪನ ಅಂಗಡಿ ಬಸ್ ನಿಲ್ಲುವ ಜಾಗದಲ್ಲೇ ಇದ್ದದ್ದರಿಂದ ಲೋಕದ ಸುದ್ದಿಯೆಲ್ಲ ಅವಳಿಗೆ ತಿಳಿದಿರುತ್ತಿತ್ತು. ಅನಿಮೆ ಎಂಬ ಶಬ್ದ ಹೇಳಿಕೊಟ್ಟವಳು ಅವಳೇ. ಸೀಡಿಗಳು ಕೈಯಿಂದ ಕೈಗೆ ಓಡಾಡುತ್ತಿದ್ದ ಕಾಲ. ಕಂಪ್ಯೂಟರ್ ಇದ್ದ ಗೆಳತಿಯೊಬ್ಬಳ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ಒಂದಾದ ಮೇಲೊಂದು ನೋಡಿದೆವು. ಎಂಥ ಕಥೆಗಳು! ಸತ್ತ ತಮ್ಮನನ್ನು ಹುಡುಕಿ ಹೊರಟವರು, ಅಡಿಗೆಯಲ್ಲೇ ಯುದ್ಧ ಗೆದ್ದವರು, ಒಂದು ಊರಿನ ಗಡಿಯಾರ ರಿಪೇರಿ ಮಾಡುತ್ತಲೇ ಮುದುಕರಾದವರು. ನಾನು ಅತ್ತೆ, ನಕ್ಕೆ, ಪರೀಕ್ಷೆಯ ಓದು ಮರೆತೆ. ನಡುನಡುವೆ ಅದೇ ಕಾಟ. ಎಲ್ಲಿಂದಲೋ ಗಾಳಿ ಬಂದು ಯಾವಳದೋ ಲಂಗ ಹಾರುವುದು. ದವಾಖಾನೆಯ ನರ್ಸಿಗೂ, ಶಾಲೆಯ ಟೀಚರಿಗೂ, ರಾಕೆಟ್ ಹಾರಿಸುವ ವಿಜ್ಞಾನಿಗೂ ಒಂದೇ ಅಳತೆಯ, ಅಂದರೆ ಅಳತೆಯೇ ಇಲ್ಲದ, ಮೈ.

"ಇಷ್ಟು ಸಿಟ್ಟು ಬಂದ್ರ ಯಾಕ ನೋಡ್ತಿ?" ಎಂದು ಶೈಲಾ ಕೇಳಿದಳು.

"ಅನ್ನದಾಗ ಕಲ್ಲು ಸಿಕ್ರ ತಾಟು ಬಿಟ್ಟು ಏಳ್ತೀಯೇನು?"

"ಇಲ್ಲ. ಕಲ್ಲು ತಗದು ಒಗಿತೇನಿ."

"ನಾನೂ ಒಗಿಯಾಕ ಹತ್ತೇನಿ. ಒಗಿಯೂ ಮುಂದ ಬಯ್ಯೂದು ಬ್ಯಾಡೇನು?"

ಹೀಗೆ ಬಯ್ಯುತ್ತ, ನೋಡುತ್ತ ಎರಡನೆಯ ವರ್ಷಕ್ಕೆ ಬಂದೆವು. ಆ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ವೇಷಭೂಷಣ ಸ್ಪರ್ಧೆ ಇಟ್ಟರು. ಹೆಸರು ಬರೆದುಕೊಳ್ಳುತ್ತಿದ್ದವನು ಪ್ರವೀಣ, ಬಾದಾಮಿಯ ಹುಡುಗ, ನಮ್ಮ ಸಾಂಸ್ಕೃತಿಕ ಕಾರ್ಯದರ್ಶಿ. ಮನಸ್ಸು ಕೆಟ್ಟದ್ದಲ್ಲ, ಆದರೆ ಸುತ್ತ ಗೆಳೆಯರಿದ್ದಾಗ ನಾಲಗೆ ಉದ್ದವಾಗುತ್ತಿತ್ತು. ನಾನು ಕಾರ್ಟೂನಿನ ಕ್ಯಾಪ್ಟನ್ ಆಗಿ ಬರುತ್ತೇನೆ ಎಂದೆ. ಅವನಿಗೂ ಆ ಕಾರ್ಟೂನು ಗೊತ್ತಿತ್ತು. ಗೊತ್ತಿತ್ತೇನು ಬಂತು, ಕಂಪ್ಯೂಟರ್ ಲ್ಯಾಬಿನ ಮೂಲೆಯ ಪರದೆಯ ಮೇಲೆ ಅವಳ ಚಿತ್ರ ಹಾಕಿದವರೇ ಅವನ ಗೆಳೆಯರು.

"ಅಕಿನಾ?" ಎಂದು ಪೆನ್ನು ನಿಲ್ಲಿಸಿದ. "ಹಂಗಾ ಬರ್ತೀಯೇನು? ಅರಿವಿ ಖರ್ಚು ಭಾಳ ಬರೂದಿಲ್ಲ ಬಿಡು!"

ಹಿಂದಿನ ಬೆಂಚು ಗೊಳ್ಳೆಂದಿತು. ನನ್ನ ಕಿವಿ ಕೆಂಡವಾಯಿತು. ಆದರೂ ಹೇಳಿದೆ, "ನಾ ಮೈತುಂಬ ಅರಿವಿ ಹಾಕ್ಕೊಂಡ ಬರ್ತೇನಿ."

"ಹಂಗಾದ್ರ ಅಕಿ ಅಂತ ಹೆಂಗ ಗುರುತು ಹಿಡೀಬೇಕು? ಅದು ಕಲಾ. ನಮ್ಮ ಬಾದಾಮಿ ಗುಹೆಯೊಳಗ ಮೂರ್ತಿಗೋಳು ಅದಾವಲ್ಲ, ಅವನ್ನ ದೇಶದ ಮಂದಿ ಬಂದು ನೋಡ್ತಾರ. ಅವಕ್ಕೂ ಲಂಗ ಜಂಪರ್ ಹೊಲಸ್ತೀಯೇನು?"

ಬಾದಾಮಿಗೆ ನಾನೂ ಹೋಗಿದ್ದೆ. ಏಳನೆಯ ತರಗತಿಯ ಪ್ರವಾಸದಲ್ಲಿ ನಮ್ಮ ಮಾಸ್ತರರು ಕೆಲವು ಕಂಬಗಳ ಮುಂದೆ ಬಂದಾಗ "ನಡೀರಿ ನಡೀರಿ, ಮಂಗ್ಯಾ ಬರ್ತಾವ" ಎಂದು ನಮ್ಮನ್ನು ಓಡಿಸಿದ್ದರು. ಓಡುತ್ತಲೇ ನಾನು ನೋಡಿದ್ದೆ. ಆ ಕಲ್ಲಿನ ಹೆಂಗಸರು ಒಬ್ಬರಿಗೂ ಅಂಜಿದವರಂತೆ ಕಂಡಿರಲಿಲ್ಲ. ನನಗೆ ಮಾತು ಹೊಳೆಯಿತು.

"ಪ್ರವೀಣ, ಆ ಗುಹೆಯೊಳಗ ಗಂಡಸರ ಮೈಮ್ಯಾಲ ಎಷ್ಟು ಅರಿವಿ ಐತಿ?"

ಅವನು ಯೋಚಿಸಿದ. "ಅಷ್ಟ ಐತಿ."

"ಹೂಂ. ಅಲ್ಲೆ ಎಲ್ಲಾರಿಗೂ ಒಂದ ಹವಾ. ಇಲ್ಲೆ ಗಂಡಸರಿಗೆ ಹಿಮಾ ಬೀಳ್ತತಿ, ಇಕಿ ಒಬ್ಬಾಕಿಗೆ ಬ್ಯಾಸಗಿ!"

ಈ ಸಲ ಬೆಂಚು ನನ್ನ ಪರವಾಗಿ ನಕ್ಕಿತು. ಪ್ರವೀಣ ಹೆಸರು ಬರೆದುಕೊಂಡ. ಗೆದ್ದವಳಂತೆ ಹೊರಗೆ ಬಂದೆನೇನೋ ನಿಜ. ರೂಮಿಗೆ ಬಂದು ಮಂಚದ ಮೇಲೆ ಕುಳಿತ ಕೂಡಲೇ ಧೈರ್ಯವೆಲ್ಲ ಸೋರಿಹೋಯಿತು. ಅಷ್ಟು ಜನರ ಮುಂದೆ ವೇದಿಕೆ ಹತ್ತಿದಾಗ, ನಾನು ಏನು ಹಾಕಿಕೊಂಡಿದ್ದರೂ ಆ ಹುಡುಗರು ಲ್ಯಾಬಿನ ಪರದೆಯ ಚಿತ್ರವನ್ನೇ ನನ್ನ ಮೇಲೆ ಹೊದಿಸಿ ನೋಡುತ್ತಾರಲ್ಲ? ಹೆಸರು ತೆಗೆಸಿಬಿಡೋಣ ಎಂದುಕೊಂಡೇ ಶನಿವಾರ ಇಳಕಲ್ಲಿಗೆ ಬಸ್ಸು ಹತ್ತಿದೆ.

ಆಯಿ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳ ತುಂಡು ಜೋಡಿಸಿ, ಪದರದ ಮೇಲೆ ಪದರ ಇಟ್ಟು, ದಪ್ಪ ದಾರದಿಂದ ಹೊಲಿಯುವ ನಮ್ಮ ಕಡೆಯ ಹೊದಿಕೆ ಅದು. ನಾನು ಸಪ್ಪಗೆ ಪಕ್ಕ ಕುಳಿತದ್ದು ನೋಡಿ, "ಏನಾತ?" ಎಂದಳು. ಹುಡುಗರ ಮಾತು ಬಿಟ್ಟು ಉಳಿದದ್ದು ಹೇಳಿದೆ. ಎಮ್ಮಿ ಬಾಯಿಯ ವೇಷ ಹಾಕಬೇಕೆಂದಿದ್ದೆ, ಆದರೆ ಅವಳ ಬಟ್ಟೆ ಅಂಥದ್ದು, ಬೇರೆ ಹಾಕಿದರೆ ಅವಳೇ ಅಲ್ಲ ಅನ್ನುತ್ತಾರೆ ಎಂದೆ.

"ಯಾರಂತಾರ? ಅಕಿ ಕಸುವು ಅರಿವ್ಯಾಗ ಐತೇನು?" ಆಯಿ ಸೂಜಿ ಚುಚ್ಚಿಟ್ಟಳು. "ಏಳ, ನಿಲ್ಲ ಇಲ್ಲೆ."

ಅರ್ಧ ಮುಗಿದಿದ್ದ ಕೌದಿಯನ್ನು ನನ್ನ ಬೆನ್ನ ಮೇಲೆ ಹಾಕಿ, ಹಿಂದೆ ಸರಿದು ನೋಡಿದಳು. ಆಮೇಲೆ ಕತ್ತರಿ ತರಿಸಿದಳು. ಒಳಗಿಂದ ಅವ್ವ ಓಡಿಬಂದಳು.

"ಅತ್ತಿ, ಏನ ಮಾಡಾಕತ್ತೀರಿ? ಹೊದಕೊಳ್ಳೂ ಕೌದಿ ಕತ್ತರಸ್ತೀರೇನು?"

"ಹೊದಕೊಳ್ಳಾಕ ಕತ್ತರಸಾಕತ್ತೇನಿ. ಆ ಪೋರಿ ಎಷ್ಟ ವರ್ಷ ಆತು ಥಂಡ್ಯಾಗ ನಿಂತು. ನೀ ತೋಳಿನ ಅಳತಿ ತೊಗೊ."

ಅವ್ವ ನನ್ನನ್ನು ನೋಡಿದಳು, ಆಯಿಯನ್ನು ನೋಡಿದಳು, ಸೆರಗು ಸಿಕ್ಕಿಸಿಕೊಂಡು ಅಳತೆ ತೆಗೆದುಕೊಂಡಳು. ಮುಂದಿನ ವಾರಗಳಲ್ಲಿ ಅತ್ತೆ ಸೊಸೆ ಜಗಳಾಡುತ್ತ ಹೊಲಿದರು. ಆಯಿಗೆ ಕೋಟು ಮೊಣಕಾಲಿನವರೆಗೆ ಬೇಕು, ಅವ್ವನಿಗೆ ಸೊಂಟದವರೆಗೆ ಸಾಕು. "ಎಮ್ಮಿ ಮ್ಯಾಲ ಹತ್ತಬೇಕಲ್ರಿ ಅತ್ತಿ, ಕಾಲಿಗೆ ತೊಡರತೈತಿ" ಎಂದು ಅವ್ವ ವಾದ ಮಾಡಿದಾಗ ನನಗೆ ಆಶ್ಚರ್ಯವಾಯಿತು. ರಾಟಿಯ ಮುಂದೆ ಕುಳಿತು ಇವಳೂ ಎಲ್ಲ ಕಂತು ನೋಡುತ್ತಿದ್ದಳೇನು! ಎರಡೂ ಬದಿ ಸೀಳು ಇಟ್ಟು ರಾಜಿಯಾಯಿತು. ದಾಳಿಂಬೆ ಬಣ್ಣದ ತುಂಡು, ಗಿಳಿಹಸಿರು, ಮಾಸಿದ ಕಪ್ಪು, ಅಂಚಿನ ಕೆಂಪು. ಎತ್ತರದ ಕಾಲರು. ಹಾಕಿಕೊಂಡು ನಿಂತರೆ ಹೆಗಲು ತಾವೇ ಹಿಂದಕ್ಕೆ ಹೋಗುತ್ತಿದ್ದವು. ಜೇಬು ಬೇಡವೇ ಎಂದು ಕೇಳಿದವರು ಅಪ್ಪ. ಕ್ಯಾಪ್ಟನ್ ಅಂದಮೇಲೆ ನಕಾಶೆ ಎಲ್ಲಿಟ್ಟುಕೊಳ್ಳಬೇಕು? ಜೇಬೂ ಬಂತು.

ಗ್ಯಾದರಿಂಗಿನ ದಿನ ಬಾಗಲಕೋಟೆಯ ಬಿಸಿಲು ಹೇಗಿತ್ತೆಂದರೆ, ಪೆಂಡಾಲಿನ ಕೆಳಗೆ ಕುಳಿತವರೂ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ವೇದಿಕೆಯ ಪಕ್ಕ ಕೌದಿಯ ಕೋಟಿನೊಳಗೆ ಬೇಯುತ್ತ ನಿಂತಿದ್ದೆ. ನನ್ನ ಮುಂದೆ ಇಬ್ಬರು ರಾಣಿಯರು, ಒಬ್ಬಳು ಕಾಯಿಪಲ್ಲೆ ಮಾರುವವಳು, ಮೀಸೆ ಅಂಟಿಸಿಕೊಂಡ ಒಬ್ಬ ಪೊಲೀಸು. ಶೈಲಾ ಕರವಸ್ತ್ರದಿಂದ ನನ್ನ ಕುತ್ತಿಗೆ ಒರೆಸುತ್ತ, "ಸಾಯಬ್ಯಾಡಲೇ, ಇನ್ನ ಒಂದ ನಿಮಿಷ" ಎನ್ನುತ್ತಿದ್ದಳು.

ಹೆಸರು ಕೂಗಿದರು. ಹತ್ತಿದೆ. ಕಟ್ಟಿಗೆಯ ಕತ್ತಿ ಊರಿ ನಿಂತೆ. ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಂದು ದನಿ ಬಂತು:

"ಕ್ಯಾಪ್ಟನ್ ಅಲ್ಲಾ! ಅರಿವಿ ಭಾಳ ಆತು!"

ಗಂಡು ಹುಡುಗರ ಕಡೆ ನಗು ಎದ್ದಿತು. ಕಲಿತು ಬಂದಿದ್ದ ಹಿಂದಿ ಮಾತೆಲ್ಲ ಹಾರಿಹೋಯಿತು. ಉಳಿದದ್ದು ನಮ್ಮ ನಡುಮನೆಯ ಕನ್ನಡ ಒಂದೇ. ಮೈಕಿನ ಹತ್ತಿರ ಹೋದೆ.

"ಯಾವಾಂವಲೇ ಅಂವ? ಎದ್ದು ನಿಂದರು!"

ನಗು ನಿಂತಿತು. ನಾನೇ ಬೆಚ್ಚಿದೆ, ಅಷ್ಟು ದೊಡ್ಡ ದನಿ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ.

"ನಿಂದರೂದಿಲ್ಲೇನು? ಕುಂತ ಕೇಳು. ನನ್ನ ಪಡ್ಯಾಗ ಗಂಡಸರು ಎರಡೆರಡು ಕೋಟು ಹಾಕ್ಕೊಂಡು ಗಡಗಡ ನಡಗಾಕತ್ತಾರ. ನಾ ಅವರ ಕ್ಯಾಪ್ಟನ್. ಇಷ್ಟು ದಿನಾ ಕೋಟು ಇಲ್ಲದ ಯುದ್ಧಾ ಗೆದ್ದು ಕೊಟ್ಟೇನಿ. ಇವತ್ತ ಕೋಟು ಹಾಕ್ಕೊಂಡೇನಿ. ಇನ್ನ ಮ್ಯಾಲ ನನ್ನ ಮೈ ನೋಡೂದು ಬಿಡ್ರಿ, ನಕಾಶಿ ನೋಡ್ರಿ! ಉತ್ತರಕ್ಕ ಯಾರು ಹೊಂಟೀರಿ, ದಕ್ಷಿಣಕ್ಕ ಯಾರು ಹೊಂಟೀರಿ, ಹೇಳ್ರಿ!"

ಎಂದವಳೇ ಜೇಬಿನಿಂದ ನಕಾಶೆ ತೆಗೆದು ಝಾಡಿಸಿ ಹಿಡಿದೆ.

ಮೊದಲು ಎದ್ದದ್ದು ಹುಡುಗಿಯರ ಬದಿ. ಎಲ್ಲಿಂದಲೋ ಒಬ್ಬಳು "ನಾ ಉತ್ತರಕ್ಕ!" ಎಂದು ಕೂಗಿದಳು. ಇನ್ನೊಬ್ಬಳು ದಕ್ಷಿಣಕ್ಕೆ ಹೊರಟಳು. ಆಮೇಲೆ ಯಾರು ಯಾವ ದಿಕ್ಕಿಗೆ ಹೊರಟರೋ ತಿಳಿಯದಷ್ಟು ಗದ್ದಲ. ಪೆಂಡಾಲಿನ ತಗಡಿನ ಕುರ್ಚಿಗಳನ್ನು ಕುಟ್ಟಿ ಕುಟ್ಟಿ ಬಾರಿಸಿದರು. ಮುಂದಿನ ಸಾಲಿನಲ್ಲಿ ತೀರ್ಪುಗಾರರಾಗಿದ್ದ ವಯಸ್ಸಾದ ಮೇಡಂ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡು, ಕೈ ಎತ್ತಿ, "ನಾನೂ ಉತ್ತರಕ್ಕವಾ" ಎಂದರು. ವೇದಿಕೆಯ ಅಂಚಿನಲ್ಲಿ ನಿಂತಿದ್ದ ಪ್ರವೀಣ ಚಪ್ಪಾಳೆ ಹೊಡೆಯುತ್ತಿದ್ದ. ಬಹುಮಾನ ಘೋಷಣೆಯಾದಾಗ ಅವನೇ ಬಹುಮಾನದ ಡಾಲು, ಅಂದರೆ ಶೀಲ್ಡು, ತಂದು ಅತಿಥಿಗಳ ಕೈಗೆ ಕೊಟ್ಟು, ನನ್ನ ಕಿವಿಯ ಹತ್ತಿರ, "ಲ್ಯಾಬಿನ ಚಿತ್ರಾ ತಗಸ್ತೇನಿ" ಎಂದ. ತೆಗೆಸಿದ ಕೂಡ. ಅದರ ಜಾಗಕ್ಕೆ ಒಂದು ಕಾರಿನ ಚಿತ್ರ ಬಂತು.

ಮೊದಲ ಬಹುಮಾನ ಹಿಡಿದು, ಕೋಟು ಚೀಲದಲ್ಲಿ ಹಿಡಿಸದೆ ಮೈಮೇಲೇ ಹಾಕಿಕೊಂಡು, ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಬಂದೆ. ಬಸ್ಸಿನ ಮಂದಿ ನನಗೆ ಜ್ವರ ಬಂದಿದೆ ಎಂದುಕೊಂಡು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಮನೆಗೆ ಬಂದರೆ ಆಯಿ ಡಾಲನ್ನು ಒಂದು ಸಲ ನೋಡಿ ಅವ್ವನ ಕೈಗೆ ಕೊಟ್ಟು, ಕೋಟಿನ ಕಂಕುಳ ಹೊಲಿಗೆ ಬಿಟ್ಟಿದೆಯೇ ಎಂದು ತೋಳೆತ್ತಿಸಿ ನೋಡಿದಳು. ಬಿಟ್ಟಿರಲಿಲ್ಲ. "ಗಟ್ಟಿ ಐತಿ" ಎಂದಳು. ಆ ಒಂದು ಮಾತಿನಲ್ಲಿ ಬಹುಮಾನ ಯಾರಿಗೆ ಬಂದಿತೆಂದು ತೀರ್ಮಾನವಾಯಿತು.

ಆ ಕಾರ್ಟೂನಿನವರು ಮುಂದೆ ಕ್ಯಾಪ್ಟನ್ನಿಗೆ ಬಟ್ಟೆ ಕೊಟ್ಟರೇ ಎಂದು ನೀವು ಕೇಳಬಹುದು. ಕೊಡಲಿಲ್ಲ. ಮುಂದಿನ ಭಾಗದಲ್ಲಿ ಒಂದು ಬಕಲ್ಲು ಕಡಿಮೆಯೇ ಆಯಿತು. ನಾನೂ ಬಯ್ಯುವುದನ್ನು ಬಿಡಲಿಲ್ಲ, ನೋಡುವುದನ್ನೂ ಬಿಡಲಿಲ್ಲ. ಆದರೆ ಅಂದಿನಿಂದ ಒಬ್ಬಿಬ್ಬರೇ ಕದ್ದು ನೋಡುವ ಕಾಲ ಮುಗಿಯಿತು. ಸ್ಪರ್ಧೆ ಮುಗಿದ ಮರುದಿನವೇ ಗುರುತಿಲ್ಲದ ಹುಡುಗಿಯರು ನಮ್ಮ ರೂಮಿನ ಬಾಗಿಲಿಗೆ ಬಂದು, "ಅಕ್ಕಾರ, ನಾವೂ ನೋಡ್ತೇವ್ರಿ" ಎಂದು ಮೆಲ್ಲಗೆ ಹೇಳಿದರು. ಎಲ್ಲರಿಗೂ ಅದೇ ಖುಷಿ, ಅದೇ ಮುಜುಗರ. ಎಲ್ಲರೂ ತಾನೊಬ್ಬಳೇ ಎಂದುಕೊಂಡವರು. ಸೇರಿ ನೋಡತೊಡಗಿದ ಮೇಲೆ, ಚಿತ್ರ ಮುಖ ಬಿಟ್ಟು ಕೆಳಗಿಳಿದಾಗಲೆಲ್ಲ "ಮ್ಯಾಲ ನೋಡಪಾ, ಮ್ಯಾಲ!" ಎಂದು ಒಂದೇ ದನಿಯಲ್ಲಿ ಕೂಗುವುದು ನಮ್ಮ ಪದ್ಧತಿಯಾಯಿತು. ಕೂಗಿ ನಕ್ಕ ಮೇಲೆ ಕಥೆ ಇನ್ನೂ ರುಚಿಯಾಗುತ್ತಿತ್ತು.

ಮರುವರ್ಷದ ಗ್ಯಾದರಿಂಗಿನಲ್ಲಿ ನಾನು ಕೆಳಗೆ, ಕೊನೆಯ ವರ್ಷದವರ ಸಾಲಿನಲ್ಲಿ ಕುಳಿತಿದ್ದೆ. ವೇಷಭೂಷಣ ಸ್ಪರ್ಧೆಯಲ್ಲಿ "ಕ್ಯಾಪ್ಟನ್" ಎಂದು ಕೂಗಿದರು. ಶಿರೂರಿನ ಹುಡುಗಿಯೊಬ್ಬಳು ಅಜ್ಜನ ಕರಿಕಂಬಳಿ ಹೊದ್ದು, ಗಂಟುಹಾಕಿ, ಧಡಧಡನೆ ಹತ್ತಿ ಬಂದಳು. ಅವಳ ಹಿಂದೆ ಕಂಡಕ್ಟರ್ ಅಪ್ಪನ ಖಾಕಿ ಕೋಟು ತೊಟ್ಟವಳು. ಆಮೇಲೆ ರೇನ್‌ಕೋಟಿನವಳು. ಮದುವೆಯ ಶಾಲನ್ನು ತಿರುಗಾಮುರುಗಾ ಸುತ್ತಿಕೊಂಡವಳು. ಕೊನೆಗೆ ಬುರ್ಖಾದ ಮೇಲೆ ಸೊಂಟಕ್ಕೆ ಕೆಂಪು ಪಟ್ಟಿ ಬಿಗಿದು, ಕತ್ತಿ ಸಿಕ್ಕಿಸಿಕೊಂಡವಳು. ಒಬ್ಬೊಬ್ಬರೂ ತಮಗೆ ಬೇಕಾದಂತೆ ಅವಳಿಗೆ ಬಟ್ಟೆ ಕೊಟ್ಟಿದ್ದರು. ಐವರೂ ಕತ್ತಿ ಊರಿ ಸಾಲಾಗಿ ನಿಂತರು.

ಕಾರ್ಯಕ್ರಮ ನಡೆಸುತ್ತಿದ್ದ ಹುಡುಗ ಮೈಕು ಹಿಡಿದು ಕಂಗಾಲಾದ. "ಅಲ್ರಿ, ಇದರಾಗ ಖರೇ ಕ್ಯಾಪ್ಟನ್ ಯಾರು?"

"ನಾ!" ಎಂದರು ಐವರೂ ಒಟ್ಟಿಗೆ.

ಆರನೆಯ ದನಿ ಕೆಳಗಿನಿಂದ ಬಂತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು.